ಮಿಡತೆ ಬೆಡಗಿನ ಸೋದರತ್ತೆ

ಎಂಟೆಬೆ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಓಡುತ್ತಾರೆ. ಫೆಬ್ರೋನಿಯಾ ಮಾತ್ರ ಓಡುವುದಿಲ್ಲ. ಗಾಲಿಕುರ್ಚಿಯ ಹಿಡಿಕೆ ಹಿಡಿದು, ಸರೋವರದ ದಂಡೆಯಲ್ಲಿ ಗಾಳಿ ಕುಡಿಯಲು ಬಂದವಳ ಹಾಗೆ ನಡೆಯುತ್ತಾಳೆ. ಕುರ್ಚಿಯಲ್ಲಿ ಕೂತ ಮುದುಕಿ, "ವಿಮಾನ ಬಿಟ್ಟು ಹೋದೀತು ಕಣವ್ವಾ" ಎಂದು ಮಿಡುಕಿದರೆ, "ನಿಮ್ಮನ್ನ ಕಂಡ ಕೂಡ್ಲೆ ದೂರ ಓಡೋಕೆ ಅದೇನು ನಿಮ್ಮ ಅಳಿಯನಾ?" ಎಂದು ನಗಿಸುತ್ತಾಳೆ. ಅಳಿಯನಾದವನು ಅತ್ತೆಯ ಎದುರು ಬೀಳದೆ ದೂರ ಸರಿಯುವುದು ನಮ್ಮಲ್ಲಿ ಪದ್ಧತಿ.

ಆ ನಗು ಆರುವ ಮೊದಲೇ ಅವಳ ಪ್ರಶ್ನೆ ಬರುತ್ತದೆ. "ನಿಮ್ಮದು ಯಾವ ಬೆಡಗು?"

ನಮ್ಮ ಬುಗಾಂಡ ಸೀಮೆಯಲ್ಲಿ ಹೆಸರಿಗಿಂತ ಬೆಡಗು ಹತ್ತಿರದ ಮಾತು. ಅಣಬೆಯವರು, ಮೀನಿನವರು, ಸಿಂಹದವರು, ಕೋತಿಯವರು, ಮಿಡತೆಯವರು. ಬೆಡಗು ಅಪ್ಪನಿಂದ ಬರುತ್ತದೆ. ಯಾವ ಜೀವದ ಹೆಸರಿನಲ್ಲಿ ಹುಟ್ಟಿದೆವೋ ಅದನ್ನು ನಾವು ಬಾಯಿಗೆ ಹಾಕುವುದಿಲ್ಲ. ಒಂದೇ ಬೆಡಗಿನವರೆಲ್ಲ ಒಂದೇ ಮನೆಯವರು. ಅಪ್ಪನ ಓರಗೆಯ ಗಂಡಸರೆಲ್ಲ ಅಪ್ಪಂದಿರು, ಹೆಂಗಸರೆಲ್ಲ ಸೋದರತ್ತೆಯರು. ಸೋದರತ್ತೆಯನ್ನು ನಾವು ಸೆಂಗಾ ಎಂದು ಕರೆಯುತ್ತೇವೆ.

ಫೆಬ್ರೋನಿಯಾ ಮಿಡತೆ ಬೆಡಗಿನವಳು. ನಾನೂ ಅದೇ. ನನ್ನ ಹೆಸರು ಕಿಜ್ಜಾ. ಎಂಟೆಬೆಯ ಕಿಟೋರೊ ಪೇಟೆಯಲ್ಲಿ ತಲೆಗೂದಲು ಹೆಣೆಯುವ ಅಂಗಡಿ ಇಟ್ಟಿದ್ದೇನೆ. ಅವಳಿಲ್ಲದೆ ಹೋಗಿದ್ದರೆ ನಾನು ಯಾವ ದೇಶದಲ್ಲಿ, ಯಾರ ಮನೆಯ ಯಾವ ಬಾಗಿಲ ಹಿಂದೆ ಇರುತ್ತಿದ್ದೆನೋ ನನಗೆ ಗೊತ್ತಿಲ್ಲ. ಅದಕ್ಕೇ ಅವಳ ಬದುಕನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತಿದ್ದೇನೆ.

ಮಸಾಕಾದ ಆಚೆ ಕಾಫಿ ಗಿಡಗಳ ನಡುವೆ ಹುಟ್ಟಿದವಳು ಅವಳು. ಗಂಡ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಜ್ವರ ಬಂದು ತೀರಿಕೊಂಡ. ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಂಟೆಬೆಗೆ ಬಂದು, ವಿಮಾನ ನಿಲ್ದಾಣದ ರಸ್ತೆಯಲ್ಲಿ ಇದ್ದಿಲ ಮೇಲೆ ಸಿಹಿ ಬಾಳೆಕಾಯಿ ಸುಟ್ಟು ಮಾರುತ್ತಿದ್ದಳು. ಆಗೆಲ್ಲ ನಡೆಯಲಾಗದವರನ್ನು ವಿಮಾನ ಹತ್ತಿಸುತ್ತಿದ್ದ ರೀತಿ ನೋಡಲು ಹಿಂಸೆಯಾಗುತ್ತಿತ್ತಂತೆ. ಸಾಮಾನು ಹೊರುವ ಇಬ್ಬರು ಕಂಕುಳಿಗೆ ಕೈಹಾಕಿ, ಮೂಟೆ ಎತ್ತಿದ ಹಾಗೆ ಎತ್ತಿಕೊಂಡು ಹೋಗುತ್ತಿದ್ದರು. ಆಮೇಲೆ ಈಗಿನ ವಿಮಾನ ಕಂಪನಿ ಬಂತು. ಪ್ರಯಾಣಿಕ ಯಾರೇ ಇರಲಿ, ಅವನ ಮಾನಕ್ಕೆ ಕುಂದು ಬರಬಾರದು ಎಂದು ಕುರ್ಚಿಗಳನ್ನು ತರಿಸಿತು. ಕುರ್ಚಿಗಳೇನೋ ಬಂದವು, ಕೂರುವವರು ಬರಲಿಲ್ಲ. ಸಾಯುವವರನ್ನು ಮಾತ್ರ ಅದರಲ್ಲಿ ಕೂರಿಸುತ್ತಾರೆ ಎಂದು ಮುದುಕರು ಹೆದರುತ್ತಿದ್ದರು.

ಒಂದು ದಿನ ಒಬ್ಬ ಅಜ್ಜ ಬಾಗಿಲಲ್ಲೇ ಕಂಬ ತಬ್ಬಿ ನಿಂತುಬಿಟ್ಟ. ಬಾಳೆಕಾಯಿ ಮಾರುತ್ತಿದ್ದ ಫೆಬ್ರೋನಿಯಾ ಗದ್ದಲ ಕೇಳಿ ಬಂದಳು. ತಾನೇ ಕುರ್ಚಿಯಲ್ಲಿ ಕೂತಳು. "ತಾತಾ, ನನ್ನನ್ನ ಒಂದು ಸುತ್ತು ತಳ್ಳಿ. ಸತ್ತರೆ ನಾನು ಸಾಯ್ತೀನಿ" ಎಂದಳು. ಅಜ್ಜ ಬಿದ್ದು ಬಿದ್ದು ನಕ್ಕ. ಆಮೇಲೆ ಅದೇ ಕುರ್ಚಿಯಲ್ಲಿ ಕೂತು ಸರದಾರನ ಹಾಗೆ ಹೋದ. ಇದನ್ನು ನೋಡುತ್ತ ನಿಂತಿದ್ದವನು ಕಂಪನಿಯ ನಿಲ್ದಾಣದ ಮೇಲ್ವಿಚಾರಕ ಬ್ಯಾಮುಕಾಮ. ಮರುದಿನದಿಂದ ಅವಳಿಗೆ ನೀಲಿ ಅಂಗಿ, ಕೊರಳಿಗೆ ಗುರುತಿನ ಚೀಟಿ.

ಕೆಲವು ವರ್ಷ ಕಳೆದ ಮೇಲೆ ಕಂಪನಿಯ ಕಂಪಾಲಾ ಕಚೇರಿಯಿಂದ ಲನ್ಯೆರೊ ಎಂಬ ಹೆಂಗಸು ಬಂದಳು. ಸಾಮಾನು ಹೊರುವವರು, ಕಸ ಗುಡಿಸುವವರು, ಟಿಕೆಟ್ ನೋಡುವ ಹುಡುಗಿಯರು, ವಿಮಾನದೊಳಗೆ ಊಟ ಕೊಡುವವರು, ಎಲ್ಲರನ್ನೂ ಊಟದ ಮನೆಯಲ್ಲಿ ಸೇರಿಸಿದಳು. ನಮ್ಮ ವಿಮಾನದಲ್ಲಿ ಮನುಷ್ಯರನ್ನು ಮಾರಾಟಕ್ಕೆ ಸಾಗಿಸಲು ಬಿಡುವುದಿಲ್ಲ ಎಂದು ಕಂಪನಿ ನಿರ್ಧಾರ ಮಾಡಿದೆ, ಅಂಥವರನ್ನು ಗುರುತಿಸುವುದು ಹೇಗೆಂದು ಹೇಳಿಕೊಡುತ್ತೇನೆ ಎಂದು ಶುರುಮಾಡಿದಳು.

"ಹುಡುಗಿ ತಲೆ ಬಗ್ಗಿಸಿರ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲ್ಲ. ಏನು ಕೇಳಿದ್ರೂ ಜೊತೇಲಿರೋ ಗಂಡಸೇ ಉತ್ತರ ಕೊಡ್ತಾನೆ. ಅವಳ ದನಿ ಕೇಳ್ಸೋದೇ ಇಲ್ಲ."

ಫೆಬ್ರೋನಿಯಾ ಕೈ ಎತ್ತಿದಳು. "ಮಗಳೇ, ಹಂಗಾದ್ರೆ ಇವತ್ತು ಸಾಯಂಕಾಲ ಪೊಲೀಸ್ನೋರನ್ನ ನಮ್ಮನೆಗೆ ಕರ್ಕೊಂಡ್ಬಾ. ನನ್ನ ಮೂರು ಹುಡುಗೀರೂ ಹಂಗೇ ಇರೋದು. ದೊಡ್ಡೋರ ಮುಂದೆ ಮೊಣಕಾಲೂರಿ, ತಲೆ ಬಗ್ಸಿ, ಮೆತ್ತಗೆ ಮಾತಾಡ್ರೇ ಅಂತ ಬಡ್ಕೊಂಡು ಬಡ್ಕೊಂಡು ಕಲ್ಸಿದೀನಿ."

ಸಾಮಾನು ಹೊರುವ ಮುಗೇರ್ವಾ ಹಿಂದಿನಿಂದ ಕೂಗಿದ: "ನನ್ನ ಹೆಂಡ್ತಿ ಪಾರಾದ್ಳು ಬಿಡಿ! ಅವಳು ಕಣ್ಣಲ್ಲಿ ಕಣ್ಣಿಟ್ಟೇ ಬಯ್ಯೋದು."

ಊಟದ ಮನೆಯೆಲ್ಲ ನಗು. ಲನ್ಯೆರೊಗೂ ತಡೆಯಲಾಗಲಿಲ್ಲ. ಕಣ್ಣು ಒರೆಸಿಕೊಂಡು, ಓದುತ್ತಿದ್ದ ಹಾಳೆಯನ್ನು ಬೋರಲು ಹಾಕಿದಳು. "ಇದನ್ನ ಬರೆದೋರು ಎಲ್ಲೋ ದೂರದೋರು. ನಾನು ಗುಲು ಕಡೆಯೋಳು, ನಮ್ಮ ಮನೆ ರೀತಿಯೇ ಬೇರೆ. ನೀವೇ ಹೇಳಿ. ನಿಮ್ಮ ಹುಡುಗಿ ನಿಜವಾಗ್ಲೂ ನೆಂಟನ ಜೊತೇಲೇ ಹೊರಟಿದಾಳೆ ಅಂತ ನಿಮಗೆ ಹೆಂಗೆ ತಿಳಿಯತ್ತೆ?"

ಆಗ ಎಲ್ಲರ ಬಾಯಿ ಬಿಚ್ಚಿತು. ಬೀಳ್ಕೊಡಲು ವ್ಯಾನು ತುಂಬ ಜನ ಬಂದಿರುತ್ತಾರೆ ಎಂದರು ಒಬ್ಬರು. ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಬುತ್ತಿ ಇದ್ದೇ ಇರುತ್ತದೆ ಎಂದರು ಇನ್ನೊಬ್ಬರು. ಸ್ವಂತ ಚಿಕ್ಕಪ್ಪ ಎಂದ ಮೇಲೆ ಬೆಡಗು ಒಂದೇ ಆಗಿರಬೇಕು ಎಂದಳು ಫೆಬ್ರೋನಿಯಾ. ಲನ್ಯೆರೊ ತನ್ನ ಕಡೆಯಿಂದ ಒಂದನ್ನು ಸೇರಿಸಿದಳು: "ಯಾವ ಊರೇ ಆಗ್ಲಿ, ಒಂದು ಮಾತ್ರ ನೋಡಿ. ಅವರವರ ಪಾಸ್‌ಪೋರ್ಟ್ ಅವರವರ ಕೈಲಿರ್ಬೇಕು."

"ಸರಿ, ನಾವು ಹೇಳಿದ್ದು ತಪ್ಪಾದ್ರೆ?" ಎಂದ ಮುಗೇರ್ವಾ. "ಯಾರೋ ದೊಡ್ಡ ಮನುಷ್ಯನ್ನ ನಿಲ್ಸಿಬಿಟ್ರೆ ಹೊಟ್ಟೆ ಮೇಲೆ ಹೊಡೆಸ್ಕೊಳ್ಳೋರು ನಾವು ತಾನೇ?"

"ಒಳ್ಳೆ ಮನಸ್ಸಿಂದ ಹೇಳಿ ತಪ್ಪಾದ್ರೆ ಯಾರ ಕೆಲಸಾನೂ ಹೋಗಲ್ಲ. ಕಂಪನಿ ಮಾತು ಕೊಟ್ಟಿದೆ."

"ನೋಡೋಣಮ್ಮಾ" ಎಂದಳು ಫೆಬ್ರೋನಿಯಾ. "ಕೊಟ್ಟ ಮಾತಿನ ಬೆಲೆ ತಪ್ಪಾದ ದಿನ ತಾನೇ ಗೊತ್ತಾಗೋದು."

ಆ ದಿನ ಅವಳ ಪಾಲಿಗೇ ಬಂತು.

ನರೆತ ಕೂದಲಿನ ಒಬ್ಬ ಮನುಷ್ಯ ಎಳೆಯ ಹುಡುಗಿಯೊಬ್ಬಳನ್ನು ನೈರೋಬಿಗೆ ಕರೆದೊಯ್ಯುತ್ತಿದ್ದ. ನೈರೋಬಿಯಲ್ಲಿ ಕೆಲಸಕ್ಕಿರುವ ಅವಳ ತಾಯಿಯ ಹತ್ತಿರ ಬಿಡಲು ಹೋಗುತ್ತಿದ್ದೇನೆ, ನನ್ನ ಅಣ್ಣನ ಮಗಳು ಎಂದ. ಫೆಬ್ರೋನಿಯಾ ಎಂದಿನಂತೆ ಬೆಡಗು ಕೇಳಿದಳು. ಅವನು ಅಣಬೆಯವನು, ಹುಡುಗಿ ಕೋತಿಯವಳು. ಫೆಬ್ರೋನಿಯಾ ಹೋಗಿ ಬ್ಯಾಮುಕಾಮನಿಗೆ ಹೇಳಿದಳು. ವಿಚಾರಣೆ ನಡೆದು, ಊರಿಗೆ ಫೋನು ಹೋಗಿ, ಊರಿನವರು ಊರ ಹಿರಿಯರನ್ನು ಕರೆತರುವಷ್ಟರಲ್ಲಿ ವಿಮಾನ ಹೊರಟುಹೋಯಿತು. ಆಮೇಲೆ ನಿಜ ತಿಳಿಯಿತು. ಇವನ ತಂದೆ ಮತ್ತು ಆ ಹುಡುಗಿಯ ತಾತ ಹಿಂದಿನ ಕಾಲದವರ ಪದ್ಧತಿಯಂತೆ ಒಂದೇ ಕಾಫಿ ಬೀಜವನ್ನು ಎರಡು ಹೋಳು ಮಾಡಿ, ರಕ್ತ ಸವರಿ, ತಿಂದು ಅಣ್ಣತಮ್ಮಂದಿರಾಗಿದ್ದರು. ಬೆಡಗು ಬೇರೆಯಾದರೂ ಅವರು ಒಂದೇ ಮನೆಯವರು.

"ಇಷ್ಟು ವಯಸ್ಸಾದ್ಮೇಲೆ ನನ್ನನ್ನ ಹೆಣ್ಣು ಮಾರೋನು ಅಂದುಬಿಟ್ರಲ್ಲಾ" ಎಂದು ಆ ಮನುಷ್ಯ ಬೆಂಚಿನ ಮೇಲೆ ಕೂತು ಅತ್ತ. ಫೆಬ್ರೋನಿಯಾ ಅವನ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿದಳು. ಎದ್ದು ಹೋಗಿ, ಕೊರಳಿನ ಗುರುತಿನ ಚೀಟಿ ಬಿಚ್ಚಿ ಬ್ಯಾಮುಕಾಮನ ಮೇಜಿನ ಮೇಲಿಟ್ಟಳು.

ಬ್ಯಾಮುಕಾಮ ಅದರ ಕಡೆ ನೋಡಲಿಲ್ಲ. ಮೊದಲು ಆ ಮುದುಕನ ಹತ್ತಿರ ಹೋದ. "ಅಪ್ಪಾ, ತಪ್ಪು ಕಂಪನಿದು. ಈಯಮ್ಮಂದಲ್ಲ. ಹಂಗೆ ಕೇಳಿ ಅಂತ ಹೇಳಿರೋದು ನಾವೇ" ಎಂದ. ಅವರಿಬ್ಬರಿಗೂ ಸರೋವರದ ಪಕ್ಕದ ಹೋಟೆಲಿನಲ್ಲಿ ಕೋಣೆ ಮಾಡಿಸಿದ, ಮರುದಿನದ ವಿಮಾನದಲ್ಲಿ ಜಾಗ ಮಾಡಿಸಿದ, ನೈರೋಬಿಯಲ್ಲಿ ಕಾಯುತ್ತಿದ್ದ ತಾಯಿಗೆ ತಾನೇ ಫೋನು ಮಾಡಿದ. ಆಮೇಲೆ ಬಂದು ಚೀಟಿಯನ್ನು ಅವಳ ಕೈಗಿತ್ತು, "ಜೆಬಲೆಕೊ, ಮಾಮಾ" ಎಂದ.

ಮಾಮಾ ಎಂದರೆ ನಮ್ಮಲ್ಲಿ ಅಮ್ಮ. ಜೆಬಲೆಕೊ ಎಂದರೆ, ದುಡಿದಿರಿ, ನಿಮ್ಮಿಂದ ಉಪಕಾರವಾಯಿತು ಎಂದು. ಹೊಲ ಅಗೆಯುವವರಿಗೂ ಪಾತ್ರೆ ತಿಕ್ಕುವವರಿಗೂ ನಾವು ದಿನವಿಡೀ ಹೇಳುವ ಮಾತು. ಮರದ ಕೆಳಗೆ ಸುಮ್ಮನೆ ಕೂತ ಸೋಮಾರಿಗೂ ಹೇಳುತ್ತೇವೆ. "ಹುಟ್ಟಿದಾಗಿಂದ ಕೇಳ್ತಿದ್ದ ಮಾತು ಕಣೇ" ಎಂದು ಅವಳು ನನಗೆ ಮುಂದೊಂದು ದಿನ ಹೇಳಿದಳು. "ಅವತ್ತು ಮಾತ್ರ ಎದೆ ಒಳಗೆ ಬಂದು ಕೂತ್ಕೊಳ್ತು."

ಕೆಲಸ ಉಳಿಯಿತು. ಆದರೆ ಬಾಯಿ ಕಟ್ಟಿತು. ಆ ಮುದುಕನ ಅಳು ಅವಳ ಕಿವಿಯಲ್ಲಿ ಉಳಿದಿತ್ತು. ಆಮೇಲೆ ಅವಳು ಕುರ್ಚಿ ತಳ್ಳುತ್ತ ಮಳೆ ಬೆಳೆಯ ವಿಚಾರ ಕೇಳಿದಳು, ಮೊಮ್ಮಕ್ಕಳ ವಿಚಾರ ಕೇಳಿದಳು. ಬೆಡಗು ಕೇಳುವುದನ್ನು ಬಿಟ್ಟಳು.

ಆ ನವೆಂಬರಿನಲ್ಲಿ ನಾನು ಹೊರಟೆ.

ನನಗಾಗ ಹತ್ತೊಂಬತ್ತು. ಅವಳಿಜವಳಿ ಅಣ್ಣಂದಿರ ಬೆನ್ನಿಗೆ ಹುಟ್ಟಿದವಳೆಂದು ಕಿಜ್ಜಾ ಎಂಬ ಹೆಸರು ಬಂತು. ಅವಳಿ ಹೆತ್ತವರನ್ನು ನಮ್ಮಲ್ಲಿ ಹೆಸರು ಹಿಡಿದು ಕರೆಯುವುದಿಲ್ಲ. ಹಾಗಾಗಿ ನನ್ನ ಅಪ್ಪ ಊರಿಗೆಲ್ಲ ಸಾಲೊಂಗೊ, ಅಂದರೆ ಅವಳಿಗಳ ಅಪ್ಪ. ಮಿತ್ಯಾನದ ಹತ್ತಿರದ ನಮ್ಮ ಊರಿಗೆ ಗಾಡ್‌ಫ್ರೀ ಎಂಬ ಒಬ್ಬ ಬಂದು, ಕೊಲ್ಲಿ ದೇಶದ ಅಂಗಡಿಯೊಂದರಲ್ಲಿ ಸುಗಂಧದ ಸೀಸೆ ಮಾರುವ ಕೆಲಸವಿದೆ ಎಂದ. ಗಾಜಿನ ಗೋಡೆ, ತಣ್ಣನೆ ಗಾಳಿ, ಮೈತುಂಬ ಪರಿಮಳ. ನನಗೆ ಅದು ಬೇಕಿತ್ತು. ಯಾರೂ ಬಲವಂತ ಮಾಡಲಿಲ್ಲ. ಪಾಸ್‌ಪೋರ್ಟನ್ನು ಅವನೇ ಮಾಡಿಸಿದ, ಅವನೇ ಇಟ್ಟುಕೊಂಡ. ಬೀಳ್ಕೊಡಲು ಯಾರೂ ಬರಬೇಡಿ, ಈಗ ನಿಲ್ದಾಣದ ಹತ್ತಿರ ಜನ ಸೇರಲು ಬಿಡುವುದಿಲ್ಲ ಎಂದ. "ದಾರೀಲಿ ಯಾರಾದ್ರೂ ಕೇಳಿದ್ರೆ ಚಿಕ್ಕಪ್ಪ ಅನ್ನು. ಒಂಟಿ ಹುಡುಗಿ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ" ಎಂದ. ಅದೂ ಸರಿಯೆನಿಸಿತು.

ಮಿಡತೆಯ ಕಾಲ ಅದು. ಎಂಟೆಬೆ ರಸ್ತೆಯುದ್ದಕ್ಕೂ ವ್ಯಾನಿನ ಕಿಟಕಿಗಳಿಗೆ ಹುರಿದ ಮಿಡತೆಯ ಪೊಟ್ಟಣ ಹಿಡಿದು ಮಾರುವವರು ಓಡಿ ಬರುತ್ತಿದ್ದರು. ಗಾಡ್‌ಫ್ರೀ ಒಂದು ದೊಡ್ಡ ಪೊಟ್ಟಣ ಕೊಂಡ. ಈರುಳ್ಳಿ ಮೆಣಸಿನಕಾಯಿ ಹಾಕಿ ಹುರಿದ ವಾಸನೆ ವ್ಯಾನಿನ ತುಂಬ. ನಾನು ಮುಖ ತಿರುಗಿಸಿಕೊಂಡೆ. ನಿಲ್ದಾಣದಲ್ಲಿ ಇಳಿಯುವಾಗ ಅವನು ಕೊಡಿಸಿದ್ದ ಎತ್ತರದ ಚಪ್ಪಲಿ ಹೊರಳಿ ಪಾದ ಉಳುಕಿತು. ಹೆಜ್ಜೆ ಇಡಲಾಗದೆ ನಿಂತದ್ದನ್ನು ನೋಡಿದ ಟಿಕೆಟ್ ಹುಡುಗಿ, ಅವನು ಬೇಡ ಬೇಡ ಎನ್ನುತ್ತಿದ್ದರೂ, ಗಾಲಿಕುರ್ಚಿ ಕರೆಸಿದಳು.

ಹಾಗೆ ನಾನು ಫೆಬ್ರೋನಿಯಾಳ ಕೈಗೆ ಬಂದೆ.

ಅವಳು ನಿಧಾನವಾಗಿ ತಳ್ಳುತ್ತಿದ್ದಳು. ಅವನು ಪೊಟ್ಟಣದಿಂದ ಮಿಡತೆ ತಿನ್ನುತ್ತ ಪಕ್ಕದಲ್ಲೇ ನಡೆಯುತ್ತಿದ್ದ. ಮಿತ್ಯಾನ ಕಡೆ ಮಳೆಯಾಯಿತಾ ಎಂದು ಕೇಳಿದಳು. ಉತ್ತರ ಅವನು ಕೊಟ್ಟ. ಹುಡುಗಿ ಯಾರು ಎಂದಳು.

"ಅಣ್ಣನ ಮಗಳು, ಸ್ವಂತ ಅಣ್ಣನ ಮಗಳು. ಅಲ್ಲಿ ನಮ್ಮ ಮನೇಲೊಂದು ಮದುವೆ" ಎಂದ. ಖುಷಿಯಲ್ಲಿದ್ದ. ಪೊಟ್ಟಣವನ್ನು ಅವಳ ಕಡೆ ಚಾಚಿದ. "ತಗೊಳ್ಳಿ ಮಾಮಾ. ಇನ್ನೂ ಬೆಚ್ಚಗಿದೆ."

"ಬೇಡಪ್ಪಾ, ನಾವು ತಿನ್ನಲ್ಲ. ನಮ್ಮದು ಮಿಡತೆ ಬೆಡಗು."

"ನಮ್ಮದೂ ಅದೇ" ಎಂದೆ ನಾನು.

ಯೋಚಿಸಿ ಆಡಿದ ಮಾತಲ್ಲ. ತನ್ನ ಬೆಡಗಿನ ಹೆಸರು ಕೇಳಿದಾಗ ನಮ್ಮವರ ಬಾಯಿಂದ ತಾನಾಗಿ ಬರುವ ಮಾತು ಅದು. ಹಾಲಿನ ಪಾತ್ರೆಯ ಸದ್ದು ಕೇಳಿದ ಬೆಕ್ಕು ಮಿಯಾಂವ್ ಎಂದ ಹಾಗೆ.

ಕುರ್ಚಿ ನಿಂತಿತು. ಅವನ ಕೈಯೂ ನಿಂತಿತು, ಬಾಯಿಗೂ ಪೊಟ್ಟಣಕ್ಕೂ ನಡುವೆ, ಎರಡು ಬೆರಳಲ್ಲಿ ಒಂದು ಕೆಂಪಗೆ ಹುರಿದ ಮಿಡತೆ.

ಫೆಬ್ರೋನಿಯಾ ಸುತ್ತಿ ನನ್ನ ಮುಂದೆ ಬಂದಳು. "ಹಂಗಾದ್ರೆ ನಾನು ನಿನ್ನ ಸೆಂಗಾ ಆದೆನಲ್ಲೇ!" ಎಂದು ನಕ್ಕಳು. ಆಮೇಲೆ ಅವನ ಕಡೆ ತಿರುಗಿದಳು. "ಇವಳಪ್ಪನ ಸ್ವಂತ ತಮ್ಮ ಅಂದ್ರೆ ನನಗೂ ನೀನು ತಮ್ಮಾನೇ. ಏನೋ ತಮ್ಮಾ, ಬಾಯಲ್ಲಿ ಅದೇನೋ?"

ಅವನು ನುಂಗಿಕೊಂಡ. "ಅಯ್ಯೋ ಮಾಮಾ, ಅದೆಲ್ಲ ಹಳೇ ಕಾಲದ್ದು. ಪೇಟೇಲಿ ಬೆಳೆದೋರು ನಾವು, ಎಲ್ಲಾ ತಿಂತೀವಿ."

ಆ ಗಳಿಗೆಯಲ್ಲಿ ತನಗೆ ಏನು ಕಂಡಿತು ಎಂದು ಅವಳು ಆಮೇಲೆ ಹೇಳಿದಳು. ಕಣ್ಣ ಮುಂದೆ ಇದ್ದವನು ಗಾಡ್‌ಫ್ರೀ ಅಲ್ಲ, ಬೆಂಚಿನ ಮೇಲೆ ಕೂತು ಅಳುವ ಆ ಮುದುಕ. ಇವನೂ ನಿಜವಾಗಿ ನೆಂಟನೇ ಆಗಿದ್ದರೆ? ಪೇಟೆಯಲ್ಲಿ ಬೆಳೆದು ಬಾಯಿ ಕೆಟ್ಟವನೇ ಆಗಿದ್ದರೆ? ಇನ್ನೊಬ್ಬ ಮನುಷ್ಯನ ಮಾನ ತೆಗೆಯುವ ಧೈರ್ಯ ಅವಳಿಗಿರಲಿಲ್ಲ. ಆದರೆ ಬ್ಯಾಮುಕಾಮ ಕೈಗಿಟ್ಟ ಚೀಟಿ ಎದೆಯ ಮೇಲೆ ನೇತಾಡುತ್ತಿತ್ತು. ತಪ್ಪಿದ ದಿನವೂ ಮಾತು ಉಳಿಸಿಕೊಂಡವರ ಎದುರು ತಾನು ಬಾಯಿ ಮುಚ್ಚಿ ಕೂತರೆ ಹೇಗೆ ಎಂದು ಅನಿಸಿತಂತೆ.

"ತಿನ್ನು ತಮ್ಮಾ, ತಿನ್ನು. ಮನೆ ಹೇಳು ಸಾಕು" ಎಂದಳು.

ಮನೆ ಹೇಳುವುದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಬರುತ್ತದೆ. ನಾನು ಇಂಥವನು, ಅಪ್ಪ ಇಂಥವನು, ತಾತ ಇಂಥವನು, ತಾತನ ಮೂಲದ ಗುಡ್ಡ ಇಂಥದು ಎಂದು ಬೇರಿನ ತನಕ ಇಳಿಯಬೇಕು. ಹೆಣ್ಣು ಕೇಳಲು ಹೋದಾಗ, ಸಾವಿನ ಮನೆಯಲ್ಲಿ, ಜಗಳದಲ್ಲಿ ಕೂಡ ಹೇಳುತ್ತೇವೆ. ಗಾಡ್‌ಫ್ರೀ ಗಡಿಯಾರ ನೋಡಿಕೊಂಡ. "ಇದೇನು ಮದುವೆ ಚಪ್ಪರಾನಾ? ಹೊತ್ತಾಯ್ತು, ತಳ್ಳಿ" ಎಂದ.

"ನೀನು ಹೇಳೇ" ಎಂದಳು ನನಗೆ.

ನಾನು ಹೇಳಲಿಲ್ಲ. ನನಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಗಾಜಿನಾಚೆ ವಿಮಾನ ಕಾಣುತ್ತಿತ್ತು, ಬೆಳ್ಳಗೆ, ಬಿಸಿಲಿನಲ್ಲಿ. "ಇವರು ನಮ್ಮ ಚಿಕ್ಕಪ್ಪಾನೇ. ನಿಮಗ್ಯಾಕೆ? ನೀವು ಕುರ್ಚಿ ತಳ್ಳಿ" ಎಂದೆ.

ಆಗ ಅವಳು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಹಿರಿಯಳು, ನನ್ನ ತಾಯಿಯ ವಯಸ್ಸಿನವಳು, ನನ್ನ ಮುಂದೆ ನೆಲಕ್ಕೆ ಮೊಣಕಾಲೂರಿದಳು. ಚಪ್ಪಲಿ ಬಿಚ್ಚಿ, ಊದಿದ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು, ನನಗೆ ಮಾತ್ರ ಕೇಳುವ ಹಾಗೆ ಮಾತಾಡಿದಳು.

"ನಿನ್ನ ನಾನು ತಡೆಯಲ್ಲ ಮಗಳೇ. ಬಲವಂತವಾಗಿ ಯಾರನ್ನೂ ಕರ್ಕೊಂಡು ಹೋಗಬಾರ್ದು ಅನ್ನೋ ಕಂಪನಿ, ಹೋಗ್ತೀನಿ ಅನ್ನೋಳನ್ನ ಬಲವಂತವಾಗಿ ಹಿಡ್ಕೋಬಾರ್ದು. ನಿನಗೆ ಬೇಕಾದ್ರೆ ವಿಮಾನದ ಬಾಗಿಲ ತನಕ ನಾನೇ ತಳ್ತೀನಿ. ಒಂದೇ ಒಂದು. ನಿನ್ನ ಪಾಸ್‌ಪೋರ್ಟ್ ನಿನ್ನ ಕೈಲಿರಲಿ. ಕೇಳಿ ಇಸ್ಕೋ. ಕೊಟ್ಟರೆ ಹೋಗು, ನಾನು ಕೈ ಬೀಸ್ತೀನಿ."

ಅದರಲ್ಲೇನು, ಎಂದುಕೊಂಡು ನಾನು ಕೈ ಚಾಚಿದೆ. "ಕೊಡಿ."

"ಅಲ್ಲಿ ಇಳಿದ್ಮೇಲೆ ಕೊಡ್ತೀನಿ" ಎಂದ.

"ಈಗಲೇ ಕೊಡಿ. ನಾನೇ ಇಟ್ಕೊಳ್ತೀನಿ."

"ನಿನಗ್ಯಾಕೆ ಅದು? ಅಲ್ಲಿ ಮನೆಯೋರು ಇಟ್ಕೊಳ್ತಾರೆ. ನೀನು ಆಚೆ ಹೋಗೋದಿದ್ರೆ ತಾನೇ ಬೇಕಾಗೋದು?"

ಮನೆಯವರು. ಅಂಗಡಿ ಎಂದಿದ್ದ. ಬಾಯಿ ತಪ್ಪಿ ಬಂದದ್ದು ಅವನಿಗೂ ಗೊತ್ತಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಕೈ ಚಾಚಿದ ಹಾಗೇ ಇತ್ತು. ಫೆಬ್ರೋನಿಯಾ ಅದನ್ನು ಹಿಡಿಯಲಿಲ್ಲ, ಇಳಿಸಲೂ ಇಲ್ಲ. ಅದರ ಕೆಳಗೆ ತನ್ನ ಕೈ ಆನಿಸಿದಳು, ಅಷ್ಟೇ. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಮನೆ ಹೇಳಲು ತೊಡಗಿದೆ. ನಾನು ಕಿಜ್ಜಾ, ಸಾಲೊಂಗೊನ ಮಗಳು. ತಾತನ ಹೆಸರು ಹೇಳಿದೆ, ಮುತ್ತಾತನ ಹೆಸರು ಹೇಳಿದೆ, ನಮ್ಮ ಗುಡ್ಡದ ಹೆಸರು ಹೇಳಿದೆ. ಕೊನೆಗೆ, "ನಮ್ಮಪ್ಪನಿಗೆ ತಮ್ಮಂದಿರಿಲ್ಲ" ಎಂದೆ.

ಟಿಕೆಟ್ ಹುಡುಗಿ ಯಾವಾಗ ಹೋಗಿ ಹೇಳಿದ್ದಳೋ, ಅಷ್ಟರಲ್ಲಿ ಬ್ಯಾಮುಕಾಮ ಇಬ್ಬರು ಪೊಲೀಸರೊಂದಿಗೆ ಬರುತ್ತಿದ್ದ. ಗಾಡ್‌ಫ್ರೀ ಪಾಸ್‌ಪೋರ್ಟನ್ನು ನನ್ನ ಮಡಿಲಿಗೆ ಎಸೆದು ಬಾಗಿಲಿನ ಕಡೆ ಹೊರಟ. ವಾಹನ ನಿಲ್ಲಿಸುವ ಜಾಗದಲ್ಲಿ ಅವನನ್ನು ಹಿಡಿದರು. ಹುರಿದ ಮಿಡತೆ ನೆಲದ ಮೇಲೆಲ್ಲ ಚೆಲ್ಲಿತ್ತು. ನಾವಿಬ್ಬರೂ ತುಳಿಯದ ಹಾಗೆ ಫೆಬ್ರೋನಿಯಾ ಕುರ್ಚಿಯನ್ನು ಸುತ್ತು ಬಳಸಿ ಹೊರಳಿಸಿದಳು.

ಇಷ್ಟಾದ ಮೇಲೆ ನಾನು ಅವಳ ಕಾಲಿಗೆ ಬಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ವಿಮಾನ ಸರೋವರದ ಮೇಲೆ ಏರಿ ಮರೆಯಾಗುವುದನ್ನು ನೋಡಿ ನಾನು ಗೋಳಾಡಿದೆ. "ನಿಮ್ಮಿಂದ ನನ್ನ ಬದುಕು ಹಾಳಾಯ್ತು" ಎಂದೆ.

"ಬಯ್ಯಿ, ಬಯ್ಯಿ. ಸೆಂಗಾನ ಬಯ್ಯದೆ ಇನ್ಯಾರನ್ನ ಬಯ್ತೀಯ?" ಎಂದು ಅವಳು ತನ್ನ ಮನೆಗೆ ಕರೆದುಕೊಂಡು ಹೋದಳು. ಊರಿಗೆ ಹೋಗಲು ನನಗೆ ಮುಖವಿರಲಿಲ್ಲ. ಅವಳ ಮೂರು ಹೆಣ್ಣುಮಕ್ಕಳ ನಡುವೆ ಮಲಗಿದೆ. ಅವಳು ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಗೊಜ್ಜು ಉಂಡೆ. ಮಾತಾಡಲಿಲ್ಲ. ಹಿರಿಯ ಮಗಳು, "ಬಾಯಿ ಉಳುಕಿದೆಯೋ ಕಾಲು ಉಳುಕಿದೆಯೋ?" ಎಂದು ಛೇಡಿಸಿದರೂ ಮಾತಾಡಲಿಲ್ಲ.

ಲನ್ಯೆರೊ ಬಂದು ಹೋಗುತ್ತಿದ್ದಳು. ಗಾಡ್‌ಫ್ರೀ ಜೊತೆ ಹಿಂದೆಯೂ ಹುಡುಗಿಯರು ಹೋಗಿದ್ದರು, ಕಂಪನಿಯ ವಿಮಾನದಲ್ಲೇ ಹೋಗಿದ್ದರು ಎಂದು ತಿಳಿಯಿತು. ಹೋದದ್ದು ಹೋಯಿತು ಎಂದು ಕಂಪನಿ ಕೈ ತೊಳೆದುಕೊಳ್ಳಲಿಲ್ಲ. ಆ ದೇಶದಲ್ಲಿದ್ದ ತನ್ನ ಕಚೇರಿಯವರಿಂದ ಹುಡುಕಿಸಿತು. ಎಲ್ಲರೂ ಸಿಗಲಿಲ್ಲ. ಹಿಲ್ದಾ ಎಂಬವಳು ಸಿಕ್ಕಳು. ಅವಳನ್ನು ಮರಳಿ ಕರೆತಂದ ದಿನ ಫೆಬ್ರೋನಿಯಾ ಕುರ್ಚಿ ಒಯ್ಯುವಾಗ ನನ್ನನ್ನೂ ಕರೆದಳು. "ಬಾ, ಹೊದೆಯೋ ಬಟ್ಟೆ ಹಿಡ್ಕೊಳ್ಳೋಕೆ ಒಬ್ಬರು ಬೇಕು" ಎಂದಳು.

ಹಿಲ್ದಾಳ ಎರಡೂ ಕೈಗಳ ಮೇಲೆ ಇಸ್ತ್ರಿ ಪೆಟ್ಟಿಗೆಯಿಂದ ಸುಟ್ಟ ಗುರುತಿತ್ತು. ನಾನು ಕೂತಿದ್ದ ಕುರ್ಚಿಯಲ್ಲೇ ಅವಳನ್ನು ಕೂರಿಸಿದೆವು. ಫೆಬ್ರೋನಿಯಾ ತಳ್ಳಿದಳು, ಎಂದಿಗಿಂತ ನಿಧಾನವಾಗಿ. ಅರ್ಧ ದಾರಿಯಲ್ಲಿ ಕೇಳಿದಳು: "ನಿಮ್ಮದು ಯಾವ ಬೆಡಗು, ಮಗಳೇ?" ಹಿಲ್ದಾ, "ಮೀನು" ಎಂದಳು. ಅಲ್ಲಿಂದ ಹೊರಟ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು ಎಂದು ವಿಮಾನದಲ್ಲಿ ಜೊತೆಗೆ ಬಂದವಳು ಹೇಳಿದಳು. ಸಾಮಾನು ಹೊರುತ್ತಿದ್ದ ಮುಗೇರ್ವಾ ಹೊರೆ ಇಳಿಸಿ ಬಂದು, "ನಾನೂ ಮೀನೇ. ನಾನು ನಿನ್ನ ಅಪ್ಪ ಆಗ್ಬೇಕು" ಎಂದ. ಹಿಲ್ದಾ ಆಗ ಅತ್ತಳು.

ಆ ಸಂಜೆ ಫೆಬ್ರೋನಿಯಾ ಒಲೆಯ ಮುಂದೆ ಕೂತು ಬಾಳೆಕಾಯಿ ಸುಲಿಯುತ್ತಿದ್ದಳು. ನಾನು ಹೋಗಿ ಮೊಣಕಾಲೂರಿದೆ.

"ಜೆಬಲೆಕೊ, ಸೆಂಗಾ."

ಅವಳು ತಲೆ ಎತ್ತಲಿಲ್ಲ. "ನೀನೂ ದುಡಿದೆ, ಮಗಳೇ. ಕೈ ಚಾಚಿದೋಳು ನೀನು" ಎಂದು, ಇನ್ನೊಂದು ಚಾಕು ನನ್ನ ಕಡೆ ಸರಿಸಿದಳು.

ಆಮೇಲೆ ಊರಿಗೆ ಹೋದೆ, ಅಪ್ಪ ಬಯ್ಯಲಿಲ್ಲ, ಅಮ್ಮ ಬಯ್ದಳು. ತಿರುಗಿ ಎಂಟೆಬೆಗೆ ಬಂದು ತಲೆ ಹೆಣೆಯುವ ಕೆಲಸ ಕಲಿತೆ. ಅಂಗಡಿಗೆ ಮೊದಲು ಬಂದ ತಲೆಗಳೆಲ್ಲ ಕಂಪನಿಯ ಹುಡುಗಿಯರವೇ. ನೈರೋಬಿಗೆ ಹೋಗಿದ್ದ ಆ ನರೆಗೂದಲಿನ ಮುದುಕ ಕೂಡ ಒಮ್ಮೆ ಈ ದಾರಿಯಲ್ಲಿ ಬಂದನಂತೆ. ಕಾಲು ಚೆನ್ನಾಗೇ ಇದ್ದರೂ, "ಆಯಮ್ಮನೇ ತಳ್ಳಬೇಕು" ಎಂದು ಹಟ ಹಿಡಿದು ಕುರ್ಚಿಯಲ್ಲಿ ಕೂತನಂತೆ. ಇಳಿಯುವಾಗ ಅವಳ ಅಂಗೈಗೆ ಒಣಗಿದ ಕಾಫಿ ಬೀಜ ಸುರಿದು ಹೋದನಂತೆ. ಅಂದಿನಿಂದ ಅವಳು ಬೆಡಗು ಕೇಳಿದ ಮೇಲೆ ಇನ್ನೊಂದನ್ನೂ ಕೇಳುತ್ತಾಳೆ: "ಕಾಫಿ ಬೀಜ ಹಂಚಿಕೊಂಡೋರು ಯಾರಾದ್ರೂ ಇದಾರಾ?"

ಹೋದ ವರ್ಷ ನನ್ನನ್ನು ಕೇಳಿಕೊಂಡು ಗಂಡಿನ ಕಡೆಯವರು ಬಂದರು. ಅವರು ಅಣಬೆಯವರು. ಅಂಥ ದಿನ ಹುಡುಗಿಯ ಕೈಹಿಡಿದು ಚಪ್ಪರಕ್ಕೆ ತರುವವಳು, ಗಂಡಿನ ಗುಂಪಿನಲ್ಲಿ ಹುಡುಗ ಯಾರೆಂದು ತೋರಿಸುವವಳು ಸೆಂಗಾ. ನಾನು ಫೆಬ್ರೋನಿಯಾಳ ಹೆಸರು ಹೇಳಿದೆ. ಅಪ್ಪನ ಸ್ವಂತ ಅಕ್ಕ ಲೆಯೊಕಾಡಿಯಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾಕೇ, ನಾನು ಸತ್ತಿದೀನಾ? ಹುಟ್ಟಿದಾಗ ನಿನ್ನ ಹೇಲು ತೊಳೆದೋಳು ನಾನು. ಈಗ ಕುರ್ಚಿ ತಳ್ಳೋಳು ಬಂದು ಚಾಪೆ ಮೇಲೆ ಕೂರ್ತಾಳಾ?"

"ನಾನು ಹಿಂದೆ ಕೂರ್ತೀನಿ ಅಕ್ಕಾ" ಎಂದಳು ಫೆಬ್ರೋನಿಯಾ. ಮದುವೆಗೆಂದು ಹೊಲಿಸಿದ ಎತ್ತರ ಭುಜದ ಉಡುಪಿನಲ್ಲಿ ಅವಳು ಮುದುಡಿ ನಿಂತಿದ್ದಳು. ಅವಳ ಹಿಂದೆ ಸೋಡಾ ಪೆಟ್ಟಿಗೆ ಹೊತ್ತ ಮುಗೇರ್ವಾ, ಕೋಟು ತೊಟ್ಟ ಬ್ಯಾಮುಕಾಮ, ಲನ್ಯೆರೊ. ಎಲ್ಲರೂ ನೆಲ ನೋಡುತ್ತಿದ್ದರು.

ಅಪ್ಪ ಹೆಚ್ಚು ಮಾತಿನವನಲ್ಲ. "ಅಕ್ಕಾ," ಎಂದ, "ಅವತ್ತು ಅಲ್ಲಿ ನೀನಿರ್ಲಿಲ್ಲ, ನಾನೂ ಇರ್ಲಿಲ್ಲ. ಮಿಡತೆಯೋರು ಅಂತ ಇದ್ದೋಳು ಇವಳೊಬ್ಬಳೇ."

ಲೆಯೊಕಾಡಿಯಾ ಫೆಬ್ರೋನಿಯಾಳನ್ನು ಮೇಲಿಂದ ಕೆಳಗೆ ನೋಡಿದಳು. "ಮನೆ ಹೇಳು" ಎಂದಳು.

ಫೆಬ್ರೋನಿಯಾ ಮನೆ ಹೇಳಿದಳು. ಅಪ್ಪ, ತಾತ, ಮುತ್ತಾತ, ಮಸಾಕಾದ ಆಚಿನ ಗುಡ್ಡ, ಅದರ ಬೇರು. ಹೇಳಿ ಮುಗಿಯುವ ಹೊತ್ತಿಗೆ ಲೆಯೊಕಾಡಿಯಾ ಚಾಪೆಯ ಮೇಲೆ ಕೂತು ಒಂದು ಪಕ್ಕಕ್ಕೆ ಸರಿದಿದ್ದಳು.

"ದಪ್ಪ ಇದೀಯ, ಸರಿಯಾಗಿ ಕೂತ್ಕೋ. ನಾನು ಎಡಕ್ಕೆ, ನೀನು ಬಲಕ್ಕೆ. ಗಂಡನ್ನ ತೋರ್ಸೋದು ಮಾತ್ರ ನಾನೇ, ಹೇಳಿದೀನಿ."

"ನೀವೇ ತೋರ್ಸಿ ಅಕ್ಕಾ. ನಾನು ಅವರು ಊಟಕ್ಕೆ ಕೂತಾಗ ಎಲೆ ನೋಡ್ಕೊಂಡು ಬರ್ತೀನಿ. ಅಣಬೆ ತಿನ್ನೋನು ಯಾವನಾದ್ರೂ ಸಿಕ್ಕಿದ್ರೆ ಹುಡುಗಿ ಕೊಡೋದು ಬೇಡ."

ಚಪ್ಪರ ನಕ್ಕಿತು. ಗಂಡಿನ ಕಡೆಯ ಹಾಡು ಬೇಲಿಯಾಚೆ ಕೇಳಿಸತೊಡಗಿತು. ಇಬ್ಬರು ಸೆಂಗಾಗಳ ನಡುವೆ ಏಳಲು ನಾನು ಕೈ ಚಾಚಿದೆ. ಫೆಬ್ರೋನಿಯಾ ಅದರ ಕೆಳಗೆ ತನ್ನ ಕೈ ಆನಿಸಿದಳು.